ಮೂರು ವಾಕ್ಯ, ಒಂದೇ ಆಕರ: ಬ್ರಾಕೆಟ್ ಎಲ್ಲಿ ಹಾಕಬೇಕು?

ಹಸಿಕರಡು:
ಮೊದಲ ಪೇಪರ್ ಬರೀತಿದ್ದೇನೆ, ಎಪಿಎ (ಅಮೆರಿಕನ್ ಸೈಕಲಾಜಿಕಲ್ ಅಸೋಸಿಯೇಷನ್) 7ನೇ ಆವೃತ್ತಿಯ ಶೈಲಿ, ಅಂದರೆ ಆಕರದ ಲೇಖಕರ ಹೆಸರು, ವರ್ಷ ವಾಕ್ಯದಲ್ಲೇ ಬ್ರಾಕೆಟ್ ಹಾಕಿ ಕೊಡುವುದು. ಲಿಟರೇಚರ್ ರಿವ್ಯೂನಲ್ಲಿ (ಹಿಂದಿನವರ ಕೆಲಸ ಹೇಳುವ ಭಾಗ) ಒಂದು ಪ್ಯಾರಾ ಪೂರ್ತಿ ಒಂದೇ ಪೇಪರ್‌ನಿಂದ ಬಂದದ್ದು. ವಾಕ್ಯ ವಾಕ್ಯಕ್ಕೂ ಹೆಸರು, ವರ್ಷ ಹಾಕಿದರೆ ಗೈಡ್‌ಗೆ ಕಿರಿಕಿರಿ. ಪ್ಯಾರಾದ ಕೊನೆಯಲ್ಲಿ ಒಂದೇ ಸಲ ಹಾಕಿದರೆ ಜೊತೆಯಲ್ಲಿ ಓದುವವರು "ಮೇಲಿನ ನಾಲ್ಕು ವಾಕ್ಯ ಯಾರದು?" ಅಂತ ಕೇಳುತ್ತಾರೆ. ಸರಿಯಾದ ಪದ್ಧತಿ ಯಾವುದು? ಇನ್ನೊಂದು, ಎಲ್ಲರಿಗೂ ಗೊತ್ತಿರುವ ವಿಷಯಕ್ಕೂ ಆಕರ ಕೊಡಬೇಕಾ?

ಅಂಚಿನಟಿಪ್ಪಣಿ:
ಜೊತೆಯವರು ಕೇಳಿದ್ದು ಸರಿಯಾಗಿಯೇ ಇದೆ. ಕೊನೆಯಲ್ಲಿಟ್ಟ ಬ್ರಾಕೆಟ್ ಹಿಂದಿನ ಎಷ್ಟು ವಾಕ್ಯಕ್ಕೆ ಸೇರಿದ್ದು ಅಂತ ಓದುವವರಿಗೆ ಹೇಗೆ ತಿಳಿಯಬೇಕು? ಅದರಲ್ಲಿ ನಿಮ್ಮದೇ ಅಭಿಪ್ರಾಯವೂ ಒಂದು ವಾಕ್ಯ ನುಸುಳಿದ್ದರೆ ಅದೂ ಆ ಆಕರದ ಲೇಖಕರ ಲೆಕ್ಕಕ್ಕೇ ಹೋಗುತ್ತದೆ.

ಹಾಗಾಗಿ ಲೇಖಕರನ್ನು ಮೊದಲ ವಾಕ್ಯದ ಒಳಗೇ ತನ್ನಿ. ಉದಾಹರಣೆಗೆ: "ಡಿಎನ್‌ಎಗೆ ಎರಡು ಎಳೆಗಳ ಸುರುಳಿ ರಚನೆಯಿದೆ ಎಂದು ವಾಟ್ಸನ್ ಮತ್ತು ಕ್ರಿಕ್ (1953) ಸೂಚಿಸಿದರು. ಅವರ ಮಾದರಿಯಲ್ಲಿ ಅಡೆನಿನ್ ಥೈಮಿನ್ ಜೊತೆ, ಗ್ವಾನಿನ್ ಸೈಟೋಸಿನ್ ಜೊತೆ ಜೋಡಿಯಾಗುತ್ತದೆ. ಈ ಜೋಡಣೆಯಿಂದಲೇ ನಕಲಾಗುವ ಬಗೆಯ ಸುಳಿವೂ ಸಿಗುತ್ತದೆ ಎನ್ನುತ್ತಾರೆ." ವರ್ಷ ಬಂದದ್ದು ಒಂದೇ ಸಲ, ಆದರೆ ಮಾತು ಯಾರದು ಅಂತ ಎಲ್ಲೂ ಗೊಂದಲವಿಲ್ಲ. "ಅವರ ಮಾದರಿಯಲ್ಲಿ", "ಎನ್ನುತ್ತಾರೆ" ಇವೇ ಆ ಕೆಲಸ ಮಾಡುತ್ತಿವೆ. ಎಪಿಎ 7 ಕೂಡ ಇದನ್ನು ಒಪ್ಪುತ್ತದೆ: ಮೊದಲ ವಾಕ್ಯದಲ್ಲಿ ಆಕರ ಕೊಟ್ಟು, ಮಾತು ಅದೇ ಆಕರದ್ದು ಅಂತ ಸ್ಪಷ್ಟವಿರುವವರೆಗೆ ಮತ್ತೆ ಕೊಡಬೇಕಿಲ್ಲ. ಹೊಸ ಪ್ಯಾರಾ ಶುರುವಾದರೆ, ಅಥವಾ ನಡುವೆ ಬೇರೆಯವರು ಬಂದರೆ, ಮತ್ತೆ ಹಾಕಿ.

ಎಲ್ಲರಿಗೂ ಗೊತ್ತಿರುವುದರ ಬಗ್ಗೆ: "ಎಲ್ಲರೂ" ಅಂದರೆ ನಿಮ್ಮ ಪೇಪರ್ ಓದುವವರು. ಡಿಎನ್‌ಎ ಎರಡೆಳೆಯದು ಅನ್ನುವುದಕ್ಕೆ ಇವತ್ತು ಜೀವಶಾಸ್ತ್ರದ ಪೇಪರ್‌ನಲ್ಲಿ ಯಾರೂ ಆಕರ ಕೇಳುವುದಿಲ್ಲ. ಆದರೆ ಅದನ್ನು ಯಾರು, ಯಾವಾಗ, ಯಾವ ವಾದದಿಂದ ಹೇಳಿದರು ಅಂತ ಬರೆದಿರೋ, ಆಕರ ಬೇಕೇ ಬೇಕು.

ಚೌಕಬ್ರಾಕೆಟ್:
ಮೇಲಿನದು ಹೆಸರು-ವರ್ಷದ ಶೈಲಿಗೆ ಚೆನ್ನಾಗಿದೆ. ನಾನು ಐಇಇಇ (ಎಂಜಿನಿಯರ್‌ಗಳ ಸಂಸ್ಥೆ) ಶೈಲಿಯಲ್ಲಿ ಬರೆಯುವವನು, ಅಲ್ಲಿ [4] ಅಂತ ಸಂಖ್ಯೆ ಮಾತ್ರ. ಮೊದಲು ಬಂದ ಆಕರ 1, ಮುಂದಿನದು 2. ಮತ್ತೆ ಅದೇ ಆಕರ ಬಂದರೆ ಹಳೆಯ ಸಂಖ್ಯೆಯೇ. ಜಾಗ ಕಡಿಮೆ ತಿನ್ನುವುದರಿಂದ ಎರಡು ಸಲ ಹಾಕಿದರೂ ಕಣ್ಣಿಗೆ ಚುಚ್ಚುವುದಿಲ್ಲ.

ನನಗೆ ಸಿಟ್ಟು ಬರುವುದು ಬೇರೆ ವಿಷಯಕ್ಕೆ. "ಈ ಕ್ಷೇತ್ರದಲ್ಲಿ ಸಾಕಷ್ಟು ಕೆಲಸವಾಗಿದೆ [3]–[11]" ಅಂತ ಬರೀತಾರಲ್ಲ, ಆ ಒಂಬತ್ತರಲ್ಲಿ ಯಾರು ಏನು ಹೇಳಿದರು? ಓದಿದ್ದಾರೋ, ಸುಮ್ನೆ ಪಟ್ಟಿ ಉದ್ದ ಮಾಡಿದ್ದಾರೋ ಅಂತ ಅನುಮಾನ ಬರುತ್ತದೆ ಅಲ್ವಾ? ಒಂದು ವಾಕ್ಯದಲ್ಲಿ ಎರಡು ಮಾತಿದ್ದು ಎರಡಕ್ಕೂ ಬೇರೆ ಬೇರೆ ಆಕರ ಇದ್ದರೆ, ಎರಡನ್ನೂ ಪೂರ್ಣವಿರಾಮದ ಹತ್ತಿರ ಗುಡ್ಡೆ ಹಾಕಬೇಡಿ. ಯಾವ ಮಾತು ಯಾರದೋ ಆ ಮಾತಿನ ಪಕ್ಕದಲ್ಲೇ, ವಾಕ್ಯದ ನಡುವೆಯಾದರೂ ಸರಿ, ಹಾಕಿ.

ಹಸಿಕರಡು:
ಇಬ್ಬರಿಗೂ ಥ್ಯಾಂಕ್ಸ್. ಈಗ ಒಂದು ತೊಡಕು. ಹಳೆಯ ಪೇಪರ್ ಒಂದು ನನಗೆ ಸಿಕ್ಕಿಲ್ಲ, ಅದರ ಬಗ್ಗೆ ಬೇರೆಯವರು ಬರೆದದ್ದನ್ನು ಮಾತ್ರ ಓದಿದ್ದೇನೆ. ನೇರವಾಗಿ ಹಳೆಯದರ ಹೆಸರೇ ಹಾಕಬಹುದಾ?

ಅಂಚಿನಟಿಪ್ಪಣಿ:
ಬೇಡ. ಓದದೇ ಇರುವುದನ್ನು ಓದಿದ ಹಾಗೆ ತೋರಿಸಿದಂತಾಗುತ್ತದೆ. ಅದೇ ಉದಾಹರಣೆ ಮುಂದುವರಿಸುತ್ತೇನೆ. ಪಾಲಿಂಗ್ ಮತ್ತು ಕೋರಿ ಡಿಎನ್‌ಎಗೆ ಮೂರು ಎಳೆಗಳ ಮಾದರಿ ಕೊಟ್ಟಿದ್ದರು. ಅದನ್ನು ನೀವು ವಾಟ್ಸನ್-ಕ್ರಿಕ್ ಪೇಪರ್‌ನಲ್ಲಿ ಮಾತ್ರ ನೋಡಿದ್ದರೆ ಹೀಗೆ ಬರೆಯಿರಿ: (ಪಾಲಿಂಗ್ ಮತ್ತು ಕೋರಿ, 1953, ವಾಟ್ಸನ್ ಮತ್ತು ಕ್ರಿಕ್, 1953 ರಲ್ಲಿ ಉಲ್ಲೇಖಿಸಿದಂತೆ). ಕೊನೆಯ ಆಕರಪಟ್ಟಿಯಲ್ಲಿ ನೀವು ಖುದ್ದಾಗಿ ಓದಿದ್ದು ಮಾತ್ರ ಇರಬೇಕು, ಅಂದರೆ ವಾಟ್ಸನ್ ಮತ್ತು ಕ್ರಿಕ್.

ಇದು ಬರೀ ಶಿಷ್ಟಾಚಾರ ಅಂದುಕೊಳ್ಳಬೇಡಿ. ವಾಟ್ಸನ್ ಮತ್ತು ಕ್ರಿಕ್ ಆ ಮೂರೆಳೆ ಮಾದರಿಯನ್ನು ಹೇಳಿದ್ದೇ ಅದು ಸರಿಯಿಲ್ಲ ಅನ್ನುವುದಕ್ಕೆ. ಅಂದರೆ ನೀವು ಓದುತ್ತಿರುವುದು ಎದುರಾಳಿ ಮಾಡಿದ ಸಾರಾಂಶ, ಅದೂ ಚಿಕ್ಕದು. ಆ ಸಂಗತಿ ನಿಮ್ಮ ಓದುಗರಿಗೂ ಕಾಣಬೇಕು. ಸಾಧ್ಯವಾದರೆ ಮೂಲವನ್ನೇ ಹುಡುಕಿ, ಹಳೆಯ ಪೇಪರ್‌ಗಳು ಜಾಸ್ತಿ ಈಗ ಆನ್‌ಲೈನ್‌ನಲ್ಲೇ ಸಿಗುತ್ತವೆ.

ಚೌಕಬ್ರಾಕೆಟ್:
ಮಾತನ್ನು ಹಾಗೇ ಎತ್ತಿ ಬರೆದರೆ ಪುಟ ಸಂಖ್ಯೆ ಮರೆಯಬೇಡಿ. ಎಪಿಎಯಲ್ಲಿ 40 ಪದ ಅಥವಾ ಅದಕ್ಕಿಂತ ಜಾಸ್ತಿ ಆದರೆ ಉದ್ಧರಣ ಚಿಹ್ನೆ ತೆಗೆದು, ಬೇರೆ ಸಾಲಿನಲ್ಲಿ ಒಳಕ್ಕೆ ಸರಿಸಿ ಇಡಬೇಕು. ಆಗ ಬ್ರಾಕೆಟ್ ಪೂರ್ಣವಿರಾಮದ ನಂತರ ಬರುತ್ತದೆ. ಮಾಮೂಲಿ ವಾಕ್ಯದಲ್ಲಾದರೆ ಪೂರ್ಣವಿರಾಮಕ್ಕೆ ಮೊದಲು. ಜೊಟೆರೋ (ಆಕರಗಳನ್ನು ಜೋಡಿಸಿಡುವ ಸಾಫ್ಟ್‌ವೇರ್) ಬ್ರಾಕೆಟ್ ತುಂಬಿಕೊಡುತ್ತದೆ, ಆದರೆ ವಾಕ್ಯದಲ್ಲಿ ಅದು ಎಲ್ಲಿ ಕೂರಬೇಕು ಅಂತ ನೀವೇ ನೋಡಬೇಕು.