ಈಜುಕೊಳದ ಸುತ್ತಲಿನ ಕಾಂಕ್ರೀಟ್ ಕುಸಿದಿದೆ, ಸಹಾಯ ಬೇಕು

ನಮಸ್ಕಾರ ರೀ. ನಮ್ಮ ಮನೆ ಹುಬ್ಬಳ್ಳಿಯ ಗದಗ ರಸ್ತೆ ಕಡೆ, ಕೆಳಗೆ ಪೂರ್ತಿ ಎರೆಮಣ್ಣು. ಮಳೆಗೆ ಉಬ್ಬುತ್ತೆ, ಬೇಸಿಗೆಗೆ ಬಿರಿಯುತ್ತೆ, ನಿಮಗೆ ಗೊತ್ತಿದ್ದದ್ದೇ ಅಲ್ವಾ! ಮಕ್ಕಳಿಗೆಂದು ಕಟ್ಟಿಸಿದ ಸಣ್ಣ ಈಜುಕೊಳದ ಸುತ್ತಲಿನ ಕಾಂಕ್ರೀಟ್ ಒಂದು ಮೂಲೆಯಲ್ಲಿ 2 ಇಂಚು ಕುಸಿದಿದೆ. ಅಂಚಿನಲ್ಲಿ ಬೆರಳು ತೂರುವಷ್ಟು ಸಂದು ಬಿದ್ದು, ಮಳೆನೀರೆಲ್ಲ ಅಲ್ಲೇ ಇಳಿಯುತ್ತಿದೆ. ಕೊಳ ಸೋರುತ್ತಿಲ್ಲ. ಕೊಳದ ಮೆಟ್ಟಿಲ ಮೇಲೆ ನೀರು ತುಂಬಿದ ಬಕೆಟ್ ಇಟ್ಟು 24 ಗಂಟೆ ನೋಡಿದೆ, ಬಕೆಟ್, ಕೊಳ ಎರಡರಲ್ಲೂ ನೀರು ಅಷ್ಟಷ್ಟೇ ಇಳಿದಿತ್ತು, ಅಂದ್ರೆ ಬರೀ ಆವಿಯಾಗಿದ್ದು.

ಗೌಂಡಿ ಮೇಲೆ ಸುಮ್ನೆ ಸಿಮೆಂಟ್ ಬಳಿಯೋಣ ಅಂತಾರೆ. ಕೆಳಗಿನ ಪೊಳ್ಳು ಹಾಗೇ ಉಳಿಯುತ್ತಲ್ಲ, ನನಗೆ ಒಪ್ಪಿಗೆಯಿಲ್ಲ. ಒಡೆದು, ಎರೆಮಣ್ಣು ತೆಗೆದು, ಗರಸು ತುಂಬಿ ದಮ್ಮಸು ಹೊಡೆಸಿ ಹೊಸದಾಗಿ ಹಾಕಿಸಲಾ? ಇಲ್ಲಾ, ತೂತು ಕೊರೆದು ಸಿಮೆಂಟ್ ಗ್ರೌಟ್ (ತೆಳ್ಳಗೆ ಕಲಸಿದ ಸಿಮೆಂಟ್) ಕೆಳಗೆ ಒತ್ತಿ ಕುಸಿದ ಕಾಂಕ್ರೀಟ್ ಚಪ್ಪಡಿ ಎತ್ತುವವರು ನಮ್ಮ ಕಡೆ ಯಾರಾದರೂ ಇದ್ದಾರಾ? ಮಾಡಿಸಿದವರು ಖರ್ಚೆಷ್ಟು ಬಂತು ಹೇಳಿ. ಮೊನ್ನೆ ಅಲ್ಲೇ ಅವ್ವ ಎಡವಿದರು, ಸ್ವಲ್ಪ ಅವಸರ ಇದೆ.