‘ಸಾಲ್ಟ್ ರೂಮ್ ಥೆರಪಿ’: ಉಪ್ಪೋ ಲವಣವೋ, ಚಿಕಿತ್ಸೆಯೋ ಉಪಚಾರವೋ?

ಮಾನ್ಯರೇ,

ಆರೋಗ್ಯದ ಕೈಪಿಡಿಯೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ಅದರಲ್ಲಿ ಬರುವ ‘ಸಾಲ್ಟ್ ರೂಮ್ ಥೆರಪಿ’ಗೆ ಯಾವ ಮಾತು ಒಪ್ಪುತ್ತದೆಂದು ಬಲ್ಲವರು ತಿಳಿಸಬೇಕು. ಗೋಡೆಗೂ ನೆಲಕ್ಕೂ ಉಪ್ಪು ಹಾಸಿದ ಕೋಣೆಯಲ್ಲಿ ಮುಕ್ಕಾಲು ಗಂಟೆಯಷ್ಟು ಹೊತ್ತು ಕುಳಿತು, ಹ್ಯಾಲೋಜನರೇಟರ್ ಎಂಬ ಯಂತ್ರವು ಅರೆದು ಗಾಳಿಗೆ ತೂರುವ ಒಣ ಉಪ್ಪಿನ ಕಣಗಳನ್ನು ಉಸಿರಾಡುವ ಪದ್ಧತಿ ಇದು. ಕಣಗಳು ಬಹುಪಾಲು 1ರಿಂದ 5 ಮೈಕ್ರಾನ್ (ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದ ಒಂದು ಪಾಲು) ಗಾತ್ರದಲ್ಲಿರಬೇಕೆಂದು ಇದನ್ನು ನಡೆಸುವವರು ಹೇಳುತ್ತಾರೆ, ಏಕೆಂದರೆ ಅದಕ್ಕಿಂತ ದಪ್ಪನೆಯವು ಮೂಗು ಗಂಟಲುಗಳಲ್ಲೇ ಸಿಕ್ಕಿಕೊಂಡುಬಿಡುತ್ತವೆ. ಯಂತ್ರವೇ ಇಲ್ಲದೆ, ಉಪ್ಪಿನ ಇಟ್ಟಿಗೆಗಳ ಹಿಂದೆ ದೀಪವಿಟ್ಟು ಅಲಂಕರಿಸಿದ ಕೋಣೆಗಳಿಗೂ ಇದೇ ಹೆಸರು ಸಲ್ಲುತ್ತಿರುವುದರಿಂದ ತೊಡಕು ಮೂಲದಲ್ಲಿಯೇ ಇದೆ.

ಪತ್ರಿಕೆಗಳ ಜಾಹೀರಾತಿನ ಧಾಟಿಯಲ್ಲಿ ‘ಲವಣ ಚಿಕಿತ್ಸೆ’ ಎಂದುಬಿಡುವುದು ಸುಲಭ. ಆದರೆ ಇಂದಿನ ಕನ್ನಡದಲ್ಲಿ ಲವಣವೂ ಉಪ್ಪೂ ಒಂದೇ ಅಲ್ಲ. ಶಾಲೆಯ ವಿಜ್ಞಾನ ಪಾಠದಲ್ಲಿ ಆಮ್ಲವೂ ಪ್ರತ್ಯಾಮ್ಲವೂ ಸೇರಿದಾಗ ಆಗುವುದು ಲವಣ. ‘ಖನಿಜ ಲವಣಗಳು’ ಎಂದಾಗ ಕ್ಯಾಲ್ಸಿಯಂ, ಪೊಟ್ಯಾಸಿಯಂಗಳೆಲ್ಲ ಬಂದುಹೋಗುತ್ತವೆ. ಇನ್ನು ಆಯುರ್ವೇದದವರಿಗೆ ಸೈಂಧವ, ಸೌವರ್ಚಲ, ಬಿಡ, ಸಾಮುದ್ರ ಮೊದಲಾದ ಪಂಚಲವಣಗಳು ಹೊಟ್ಟೆಗೆ ಸೇವಿಸುವ ದ್ರವ್ಯಗಳು. ಹೀಗಾಗಿ ‘ಲವಣ ಚಿಕಿತ್ಸೆ’ಯನ್ನು ಓದಿದವರು ಚೂರ್ಣವನ್ನೋ ಮಾತ್ರೆಯನ್ನೋ ನಿರೀಕ್ಷಿಸಿದರೆ ತಪ್ಪು ಅವರದಲ್ಲ. ಕೋಣೆಯಲ್ಲಿ ತೂರುವುದು ನಾವು ಸಾರಿಗೆ ಹಾಕುವ ಸೋಡಿಯಂ ಕ್ಲೋರೈಡನ್ನೇ ಆದ್ದರಿಂದ ‘ಉಪ್ಪು’ ಎಂಬುದೇ ಖಚಿತವೆಂದು ನನಗೆ ತೋರುತ್ತದೆ.

ಆದರೆ ‘ಉಪ್ಪಿನ ಕೋಣೆ’ ಎಂದೊಡನೆ ಉಗ್ರಾಣ ನೆನಪಾಗುತ್ತದೆ. ‘ಉಪ್ಪುಗಾಳಿ’ ಎಂದರೆ, ಕಿಟಕಿಯ ಸರಳುಗಳಿಗೆ ತುಕ್ಕು ಹಿಡಿಸುವ ಕಡಲ ಗಾಳಿ ಎಂದು ಕರಾವಳಿಯವರು ತಿಳಿಯುತ್ತಾರೆ. ಅದಾದರೋ ತೇವದ ಗಾಳಿ, ಇದು ಬೇಕೆಂದೇ ಒಣಗಿಸಿದ್ದು. ‘ಉಪ್ಪಿನ ಧೂಳು’ ನಿಜಕ್ಕೆ ಅತಿ ಹತ್ತಿರವಾದರೂ ದುಡ್ಡು ಕೊಟ್ಟು ಧೂಳು ಕುಡಿಯಲು ಯಾರೂ ಬರಲಾರರು!

ಉಪ್ಪಿನ ಜಾತಿಯನ್ನು ಹೇಳುವಲ್ಲಿ ಇನ್ನೊಂದು ಎಡವಟ್ಟು ಇದೆ. ‘ರಾಕ್ ಸಾಲ್ಟ್’ ಎಂದಿದ್ದಲ್ಲಿ ಅನುವಾದಕರು ‘ಕಲ್ಲುಪ್ಪು’ ಎಂದು ಬರೆಯುತ್ತಾರೆ. ನಮ್ಮ ಅಡುಗೆಮನೆಯಲ್ಲಿ ಕಲ್ಲುಪ್ಪು ಎಂದರೆ ಕಡಲ ನೀರನ್ನು ಆಗರಗಳಲ್ಲಿ ಇಂಗಿಸಿ ತೆಗೆದ ಹರಳುಪ್ಪು, ಗೋಕರ್ಣದ ಹತ್ತಿರದ ಸಾಣಿಕಟ್ಟೆಯಲ್ಲಿ ಆಗುವಂಥದು. ಗಣಿಯಿಂದ ಕಡಿದು ತೆಗೆದದ್ದಕ್ಕೆ ಸೈಂಧವ ಲವಣ ಎಂಬ ಹೆಸರು ಮೊದಲಿನಿಂದಲೂ ಇದೆ. ಗೋಡೆಗಳಿಗೆ ಜೋಡಿಸುವ, ‘ಹಿಮಾಲಯದ ಉಪ್ಪು’ ಎಂದು ಮಾರುವ ಗುಲಾಬಿ ಬಣ್ಣದ ಇಟ್ಟಿಗೆಗಳು ಬಹುಮಟ್ಟಿಗೆ ಪಾಕಿಸ್ತಾನದ ಪಂಜಾಬಿನ ಖೇವ್ಡಾ ಗಣಿಯವು. ಸಿಂಧೂ ದೇಶದ್ದೆಂಬ ಅರ್ಥದ ಸೈಂಧವವೇ ಇಲ್ಲಿ ಹಿಮಾಲಯಕ್ಕಿಂತ ಪ್ರಾಮಾಣಿಕ.

ಗುಹೆಯಲ್ಲಿ ನಡೆಯುವ ಮೂಲ ಪದ್ಧತಿಗೆ ‘ಸ್ಪೀಲಿಯೋಥೆರಪಿ’ ಎಂಬ ಬೇರೆ ಹೆಸರಿದೆ. ಪೋಲೆಂಡಿನ ವಿಯೆಲಿಚ್ಕಾ ಉಪ್ಪಿನ ಗಣಿಯ ವೈದ್ಯ ಫೆಲಿಕ್ಸ್ ಬೋಚ್ಕೋವ್ಸ್ಕಿ 1839ರಲ್ಲಿ ಅಲ್ಲಿ ಉಪ್ಪುನೀರಿನ ಸ್ನಾನಗೃಹವನ್ನು ಆರಂಭಿಸಿದನು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಬಾಂಬುಗಳಿಗೆ ಹೆದರಿ ಜರ್ಮನಿಯ ಕ್ಲೂಟರ್ಟ್ ಗುಹೆಯಲ್ಲಿ ಅಡಗಿದ್ದ ರೋಗಿಗಳ ಉಸಿರಾಟ ಸುಧಾರಿಸಿತೆಂದು ವೈದ್ಯ ಸ್ಪಾನಾಗೆಲ್ ಗುರುತಿಸಿದ್ದನು; ಆದರೆ ಅದು ಉಪ್ಪಿನ ಗುಹೆಯಲ್ಲ, ಸುಣ್ಣಕಲ್ಲಿನದು. ಆದ್ದರಿಂದ ‘ಗುಹಾ’ ಎಂಬ ಪದವನ್ನು ನಗರದ ಕೋಣೆಗೆ ಅಂಟಿಸಬಾರದು.

ನನ್ನ ಮುಖ್ಯ ಆಕ್ಷೇಪ ಇರುವುದು ‘ಚಿಕಿತ್ಸೆ’ಯ ಬಗ್ಗೆ. ಇಂಗ್ಲಿಷಿನಲ್ಲಿ ಥೆರಪಿ ಎಂಬುದು ಈಗ ಸಡಿಲವಾದ ಮಾತು. ನಮ್ಮಲ್ಲಿ ಚಿಕಿತ್ಸೆ ಎಂದರೆ ರೋಗಕ್ಕೆ ಮದ್ದು, ಅದರ ಹಿಂದೆ ವೈದ್ಯ. ಗುಹಾವಾಸದಿಂದ ಆಸ್ತಮಾಕ್ಕೆ ಗುಣವಿದೆಯೇ ಎಂದು 2001ರಲ್ಲಿ ಪರಿಶೀಲಿಸಿದ, ವೈದ್ಯಕೀಯ ಪ್ರಯೋಗಗಳನ್ನು ಒಟ್ಟಿಗೆ ತೂಗಿನೋಡುವ ಕಾಕ್ರೇನ್ ಸಂಸ್ಥೆಯ ಸಮೀಕ್ಷೆಯು, ಇರುವ ಪುರಾವೆಗಳಿಂದ ನಂಬತಕ್ಕ ತೀರ್ಮಾನಕ್ಕೆ ಬರಲಾಗದೆಂದಿತು. ಶ್ವಾಸಕೋಶದಲ್ಲಿ ಗಟ್ಟಿ ಕಫ ಕಟ್ಟುವ ಆನುವಂಶಿಕ ರೋಗವಾದ ಸಿಸ್ಟಿಕ್ ಫೈಬ್ರೋಸಿಸ್ ಇರುವವರಿಗೆ, ದ್ರವವನ್ನು ಮಂಜಿನಂತೆ ಮಾಡುವ ನೆಬ್ಯುಲೈಸರ್ ಯಂತ್ರದ ಮೂಲಕ ಕೊಡುವ ಸಾಂದ್ರ ಉಪ್ಪುನೀರು ಬೇರೆಯೇ ವಿಷಯ. ಅದನ್ನು ಚಿಕಿತ್ಸೆ ಎನ್ನಲು ಅಡ್ಡಿಯಿಲ್ಲ. ಎರಡಕ್ಕೂ ಒಂದೇ ಪದ ಬಳಸಿದರೆ, ಉಬ್ಬಸದ ಮಗುವಿನ ತಾಯಿ ಇನ್‌ಹೇಲರನ್ನು ಬದಿಗಿಟ್ಟು ಉಪ್ಪಿನ ಕೋಣೆಯನ್ನು ನೆಚ್ಚಿಕೊಳ್ಳುವ ಅಪಾಯವಿದೆ. ಆದ್ದರಿಂದ ‘ಉಪ್ಪುಕೋಣೆ ಉಪಚಾರ’ ಎಂದು ಸದ್ಯಕ್ಕೆ ಬರೆದುಕೊಂಡಿದ್ದೇನೆ. ‘ಶೈತ್ಯೋಪಚಾರ’ದಂತೆ ಹಿತ ನೀಡುವ ಆರೈಕೆಯ ಅರ್ಥ ಅದಕ್ಕಿದೆ, ‘ಔಷಧೋಪಚಾರ’ದ ನೆರಳೂ ಇದೆಯೆಂದು ಯಾರಾದರೂ ವಾದಿಸಿದರೆ ಒಪ್ಪಬೇಕಾದೀತು.

ಸಂಧಿಯ ವಿಷಯದಲ್ಲಿ, ‘ಉಪ್ಪುಗೋಣೆ’ ಎಂದು ಆದೇಶ ಮಾಡಬೇಕೆನ್ನುವವರು ‘ಮಲಗುಕೋಣೆ’ಯನ್ನು ನೋಡಬಹುದು. ಉಳಿದಿರುವುದು ಕ್ರಿಯಾಪದ. ನೆಗಡಿಯಾದಾಗ ‘ಹಬೆ ತೆಗೆದುಕೊಳ್ಳುತ್ತೇವೆ’. ಕರಾವಳಿ, ಮಲೆನಾಡು, ಉತ್ತರ ಕರ್ನಾಟಕಗಳಲ್ಲಿ ಇದಕ್ಕೆ ಬೇರೆ ರೂಢಿಗಳಿದ್ದರೆ ತಿಳಿಸಿರಿ. ಆ ಕ್ರಿಯಾಪದವನ್ನೇ ಇಟ್ಟುಕೊಂಡು ‘ಉಪ್ಪು ತೆಗೆದುಕೊಂಡರು’ ಎಂದರೆ ನಗೆಪಾಟಲಾಗುತ್ತದೆ. ‘ಉಪ್ಪುಕೋಣೆಯಲ್ಲಿ ಕುಳಿತರು’ ಎಂದಷ್ಟೇ ಬರೆದರೆ ಉಸಿರಾಟದ ಅರ್ಥ ಓದುಗರಿಗೆ ತಲುಪುತ್ತದೆಯೇ?