ಬಾಹಾ 1000: ಮೆಕ್ಸಿಕೋದವರು ಗೆಲ್ಲೋಕೆ 2010ರವರೆಗೆ ಯಾಕೆ ಕಾಯಬೇಕಾಯ್ತು?

ಮರಳುದಾರಿ:
ಬಾಹಾ 1000 ಅನ್ನೋ ಮರುಭೂಮಿ ಆಫ್‌ರೋಡ್ ರೇಸು ಶುರುವಾಗಿದ್ದು 1967ರಲ್ಲಿ. ಓಟ ಪೂರ್ತಿ ಮೆಕ್ಸಿಕೋ ನೆಲದಲ್ಲೇ. ಆದರೂ ನಾಲ್ಕು ಚಕ್ರದ ಗಾಡಿಗಳಲ್ಲಿ ಒಟ್ಟಾರೆ ಮೊದಲ ಸ್ಥಾನ ಆ ದೇಶದವರಿಗೆ ಮೊದಲ ಬಾರಿ ಸಿಕ್ಕಿದ್ದು 2010ರಲ್ಲಿ, ಮೆಹಿಕಾಲಿ ಊರಿನ ಗುಸ್ತಾವೋ ವಿಲ್ಡೋಸೊಲಾ ಮತ್ತು ಅವರ ಮಗ ತಾವೋಗೆ. ಮನೆ ಅಂಗಳದಲ್ಲೇ ನಡೆಯೋ ರೇಸು, ಇಷ್ಟು ತಡ ಯಾಕೆ? ತಾವೋ ಥರದ ಚಾಲಕರು ಯಾವ ಕ್ಲಾಸಿನಿಂದ (ಗಾಡಿಗಳ ವರ್ಗದಿಂದ) ಹತ್ತಿ ಬರ್ತಾರೆ? ಇನ್ನೊಂದು ಗೊಂದಲ: ಗೆರೆ ಮೊದಲು ದಾಟಿದವರ ಹೆಸರು ಫಲಿತಾಂಶದಲ್ಲಿ ಎಷ್ಟೋ ಸಲ ಎರಡನೇ ಸಾಲಿನಲ್ಲಿ ಇರುತ್ತಲ್ಲ, ಅದು ಹೇಗೆ?

ಏರ್‌ಕೂಲ್ಡ್:
ನೆಲದ ಪರಿಚಯ ನೀವಂದುಕೊಂಡಷ್ಟು ದೊಡ್ಡ ಲಾಭ ಅಲ್ಲ. ದಾರಿ ಪ್ರಕಟವಾದ ಮೇಲೆ ರೇಸಿಗೆ ಮುಂಚೆ ಯಾರು ಬೇಕಾದರೂ ಓಡಿಸಿ ನೋಡಬಹುದು. ಪ್ರಿ-ರನ್ ಅಂತಾರೆ. ಕ್ಯಾಲಿಫೋರ್ನಿಯಾದ ದೊಡ್ಡ ತಂಡಗಳು ವಾರಗಟ್ಟಲೆ ಅಲ್ಲೇ ಇದ್ದು, ಬಂಡೆ, ಹಳ್ಳ, ಗೇಟು ಎಲ್ಲವನ್ನೂ ಜಿಪಿಎಸ್‌ನಲ್ಲಿ ಗುರುತು ಹಾಕಿಕೊಳ್ಳುತ್ತವೆ. ಸ್ಥಳೀಯರ ಅನುಕೂಲ ಅಲ್ಲಿಗೆ ಅರ್ಧ ಕರಗಿತು.

ಉಳಿದದ್ದು ಗಾಡಿ. 1994ರಲ್ಲಿ ಈ ರೇಸು ನಡೆಸೋ ಸ್ಕೋರ್ ಸಂಸ್ಥೆ ಟ್ರೋಫಿ ಟ್ರಕ್ ಅನ್ನೋ ಅತಿ ಶಕ್ತಿಶಾಲಿ ಗಾಡಿಗಳ ಕ್ಲಾಸ್ ತಂದಮೇಲೆ ಒಟ್ಟಾರೆ ಗೆಲುವು ದುಬಾರಿ ಯಂತ್ರಗಳ ಪಾಲಾಯಿತು. ಚಾಸಿ ಕಟ್ಟೋರು, ಶಾಕ್ (ಚಕ್ರದ ಕುಲುಕಾಟ ತಡೆಯೋ ಭಾಗ) ಟ್ಯೂನ್ ಮಾಡೋರು ಹೆಚ್ಚಾಗಿ ಇರೋದು ದಕ್ಷಿಣ ಕ್ಯಾಲಿಫೋರ್ನಿಯಾದಲ್ಲಿ. ಹಾಗಾಗಿ ಮೊದಲು ಗೆದ್ದವರ ಊರು ನೋಡಿ: ವಿಲ್ಡೋಸೊಲಾ ಮೆಹಿಕಾಲಿ; 2017ರಲ್ಲಿ, ರೇಸಿನ 50ನೇ ವರ್ಷದ ಓಟದಲ್ಲಿ, ಗೆದ್ದ ಕಾರ್ಲೋಸ್ 'ಅಪ್ದಾಲಿ' ಲೋಪೆಸ್ ತೆಕಾತೆ. ಎರಡೂ ಅಮೆರಿಕದ ಗಡಿಗೆ ಅಂಟಿದ ಊರುಗಳು. ಇದು ಕಾಕತಾಳೀಯ ಅಂತ ನನಗನ್ನಿಸಲ್ಲ.

ಚಾಲನಾ ಕೌಶಲಕ್ಕೆ ಅಲ್ಲಿ ಯಾವತ್ತೂ ಬರ ಇರಲಿಲ್ಲ, ಅದು ಸಣ್ಣ ಕ್ಲಾಸುಗಳಲ್ಲಿತ್ತು. ಕ್ಲಾಸ್ 11 ಅಂದರೆ ಹೆಚ್ಚುಕಮ್ಮಿ ಕಂಪನಿಯಿಂದ ಬಂದ ಹಾಗೇ ಇರೋ ಫೋಕ್ಸ್‌ವ್ಯಾಗನ್ ಬೀಟಲ್ ಕಾರೇ. ಕ್ಲಾಸ್ 5/1600 ಅಂದರೆ ಮುಂದೆ-ಹಿಂದೆ ಕತ್ತರಿಸಿದ ಬೀಟಲ್‌ಗೆ 1600 ಸಿಸಿ ಇಂಜಿನ್. ಮೆಕ್ಸಿಕೋದ ಪುವೆಬ್ಲಾ ಕಾರ್ಖಾನೆಯಲ್ಲಿ ಬೀಟಲ್ 2003ರವರೆಗೆ ತಯಾರಾಗುತ್ತಿತ್ತು, ಬಿಡಿಭಾಗ ಮೂಲೆ ಮೂಲೆಗೂ ಸಿಗುತ್ತಿತ್ತು. ದುಡ್ಡಿಲ್ಲದ ಹುಡುಗ ಇಲ್ಲಿಂದಲೇ ಶುರು ಮಾಡೋದು. ಬಾಹಾದ ಊರುಗಳಲ್ಲಿ ಕೋಡ್, ರೆಕಾರ್ಡ್ ಎಂಬ ಸ್ಥಳೀಯ ಸರಣಿಗಳಿವೆ. ಮೊದಲ ಪಾಠ ಅಲ್ಲಿ, ಆಮೇಲೆ ಸ್ಕೋರ್.

ಈ ಕ್ಲಾಸು ಕಲಿಸೋದು ವೇಗವನ್ನಲ್ಲ, ಗಾಡಿ ಉಳಿಸೋದನ್ನ. ಬೀಟಲ್‌ನಲ್ಲಿ ಒಂದೇ ಬೆಲ್ಟು ಜನರೇಟರನ್ನೂ ತಂಪು ಮಾಡೋ ಫ್ಯಾನನ್ನೂ ತಿರುಗಿಸುತ್ತೆ. ಬೆಲ್ಟ್ ಹರಿದರೆ ಡ್ಯಾಶ್‌ನಲ್ಲಿ ಕೆಂಪು ದೀಪ. 'ಚಾರ್ಜಿಂಗ್ ತಾನೆ, ಮುಂದಿನ ಪಿಟ್‌ನಲ್ಲಿ (ಇಂಧನ, ರಿಪೇರಿಯ ತಾಣದಲ್ಲಿ) ನೋಡೋಣ' ಅಂದುಕೊಂಡವನ ಸಿಲಿಂಡರ್ ಹೆಡ್ಡು ಕೆಲವೇ ನಿಮಿಷದಲ್ಲಿ ಬೆಂದುಹೋಗುತ್ತೆ. ದೀಪ ಹತ್ತಿದ ಕೂಡಲೇ ಇಂಜಿನ್ ಆರಿಸಬೇಕು. ಜೊತೆಯಲ್ಲಿ ಕನಿಷ್ಠ 2 ಬೆಲ್ಟು, ಆಕ್ಸಿಲರೇಟರ್ ಕೇಬಲ್, ಕ್ಲಚ್ ಕೇಬಲ್, ಮತ್ತು ಎರಡೂ ತುದಿಗೆ ಸಿವಿ ಜಾಯಿಂಟ್ (ಆಕ್ಸಲ್ ಬಾಗಿದರೂ ಶಕ್ತಿ ದಾಟಿಸೋ ಕೀಲು) ಕೂಡಿಸಿ, ಗ್ರೀಸ್ ತುಂಬಿಟ್ಟ ಒಂದು ಆಕ್ಸಲ್. ಧೂಳಿನಲ್ಲಿ ಜಾಯಿಂಟ್ ಬಿಚ್ಚಿ ಕೂರಬಾರದು, ಆಕ್ಸಲನ್ನೇ ಬದಲಿಸಬೇಕು. ಸಿವಿ ಬೋಲ್ಟುಗಳು ಅದುರಿ ಸಡಿಲವಾಗ್ತವೆ. ಪ್ರತಿ ಪಿಟ್‌ನಲ್ಲೂ ಸ್ಪ್ಯಾನರ್ ಹಾಕಿ ನೋಡಲೇಬೇಕು.

ಇಲ್ಲಿಂದ ಮುಂದೆ ಕ್ಲಾಸ್ 1/2-1600 ಬಗ್ಗಿ (ಕೊಳವೆ ಚೌಕಟ್ಟಿನ ಹಗುರ ಗಾಡಿ), ಕ್ಲಾಸ್ 10, ಆಮೇಲೆ ಸೀಲ್ ಮಾಡಿದ ಇಂಜಿನ್ನಿನ ಟ್ರೋಫಿ ಟ್ರಕ್ ಸ್ಪೆಕ್. ಈಗಿನವರಲ್ಲಿ ಎಷ್ಟೋ ಜನ ಯುಟಿವಿಯಿಂದಲೇ (ಪಕ್ಕಪಕ್ಕ ಸೀಟಿನ ಸಣ್ಣ ಆಫ್‌ರೋಡ್ ಗಾಡಿಯಿಂದಲೇ) ಬರ್ತಾರೆ.

ಪಿಟ್_ಲೆಕ್ಕ:
ಮೇಲಿನವರು ಹೇಳಿದ್ದಕ್ಕೆ ಸೇರಿಸೋದು ಒಂದಿದೆ. ಒಟ್ಟಾರೆ ಗೆಲುವಿನಲ್ಲಿ ಚಾಲಕನ ಪಾಲಿನಷ್ಟೇ ದೊಡ್ಡದು ಪಿಟ್ ಜಾಲದ ಪಾಲು. 2010ರ ಓಟ ಎನ್ಸೆನಾಡಾದಿಂದ ಲಾ ಪಾಸ್‌ವರೆಗೆ, ಸುಮಾರು 1,061 ಮೈಲಿ, ಅಂದರೆ 1,700 ಕಿಲೋಮೀಟರ್ ಮೀರಿ. ಟ್ರೋಫಿ ಟ್ರಕ್ಕಿಗೆ ಗ್ಯಾಲನ್ ಇಂಧನಕ್ಕೆ 2ರಿಂದ 3 ಮೈಲಿ ಸಿಕ್ಕರೆ ದೊಡ್ಡದು. 100 ಗ್ಯಾಲನ್ ಟ್ಯಾಂಕ್ ಅಂತ ಹಿಡಿದು, 2 ಮೈಲಿ ಲೆಕ್ಕದಲ್ಲೇ ಯೋಜನೆ ಹಾಕಿ: ಮರಳಿನಲ್ಲಿ ಒದ್ದಾಡಿದರೆ ಅದಕ್ಕಿಂತಲೂ ಕಡಿಮೆಯಾಗುತ್ತೆ. ಆಗ ತುಂಬಿದ ಟ್ಯಾಂಕಿಗೆ 200 ಮೈಲಿ, ಆದರೆ ಬರಿದಾಗೋವರೆಗೆ ಎಳೆಯೋ ಹಾಗಿಲ್ಲ, 150 ಮೈಲಿಗೊಂದು ಪಿಟ್ ಇಡಬೇಕು. ಏಳು ಪಿಟ್ ಬಂತು.

ಎನ್ಸೆನಾಡಾದಲ್ಲೇ ಶುರುವಾಗಿ ಅಲ್ಲೇ ಮುಗಿಯೋ ಸುತ್ತು ದಾರಿಯಾದರೆ ಒಂದೇ ಚೇಸ್ ತಂಡ (ರಸ್ತೆಯಲ್ಲಿ ಹಿಂಬಾಲಿಸಿ ನೆರವಾಗೋ ತಂಡ) ರೇಸ್ ಗಾಡಿಯನ್ನು ಎರಡು ಮೂರು ಕಡೆ ಹಿಡಿಯಬಹುದು. ಲಾ ಪಾಸ್‌ಗೆ ನೇರ ಓಡುವ ವರ್ಷ ಆ ಆಟ ನಡೆಯಲ್ಲ. ಚೇಸ್ ಗಾಡಿಗಳು ಹೆದ್ದಾರಿ 1ರಲ್ಲೇ ಹೋಗಬೇಕು. ಅದು ಹೆಚ್ಚಿನ ಕಡೆ ಎರಡೇ ಲೇನ್, ಲಾರಿಗಳ ಸಾಲು. ಹಾಗಾಗಿ ಕಾತಾವಿನ್ಯಾ, ವಿಸ್ಕಾಯಿನೋ, ಸಾನ್ ಇಗ್ನಾಸಿಯೋ, ಲೊರೆತೋ ಕಡೆಗೆ ಬೇರೆಬೇರೆ ತಂಡಗಳನ್ನು ಮುಂಚೆಯೇ ಕೂರಿಸಬೇಕು, ಪ್ರತಿಯೊಂದರ ಬಳಿಯೂ ಟೈರು, ಇಂಧನ, ವೆಲ್ಡಿಂಗ್ ಸೆಟ್ಟು ಇರಬೇಕು. ಸ್ಥಳೀಯ ತಂಡಕ್ಕೆ ನಿಜವಾದ ಅನುಕೂಲ ಇರೋದು ಇಲ್ಲಿ: ಜನ, ಭಾಷೆ, ರಾತ್ರಿ ಎರಡು ಗಂಟೆಗೆ ಬಾಗಿಲು ತೆಗೆಯೋ ಗ್ಯಾರೇಜು.

ಟ್ರಕ್ಕಿನ ವಿಷಯ: ಕ್ರೋಮೋಲಿ (ಗಟ್ಟಿ ಮಿಶ್ರಲೋಹದ ಉಕ್ಕು) ಕೊಳವೆಯ ಚಾಸಿ, 800 ಅಶ್ವಶಕ್ತಿ ಮೀರಿದ ವಿ8, 39-40 ಇಂಚಿನ ಟೈರು, ಹಿಂದಿನ ಚಕ್ರ ಮೇಲೆ ಕೆಳಗೆ ಆಡುವ ದೂರ 30 ಇಂಚಿನ ಆಸುಪಾಸು. ಇಷ್ಟಿದ್ದೂ ಮುರಿಯೋದು ಸಣ್ಣ ಭಾಗಗಳೇ. ಪವರ್ ಸ್ಟೀರಿಂಗ್ ಎಣ್ಣೆ ಕುದಿದು ಪಂಪ್ ಹೋಗುತ್ತೆ. ಸಾನ್ ಫೆಲಿಪೆ ಕಡೆಯ ಅಲೆಯಂಥ ದಿಬ್ಬಗಳಲ್ಲಿ ಒಂದೇ ಸಮ ಕುಣಿದು ಶಾಕ್ ಎಣ್ಣೆ ಕಾಯುತ್ತೆ, ತಡೆಯುವ ಬಲ ಇಳಿಯುತ್ತೆ, ಹಿಂಭಾಗ ಎಗರೋಕೆ ಶುರು. ಆಗ ವೇಗ ಇಳಿಸಿದವನು ಉಳಿಯುತ್ತಾನೆ, ಹಟ ಹಿಡಿದವನು ಮಗುಚುತ್ತಾನೆ.

ಸಮಯಪಾಲಕ:
ಮೂರನೇ ಪ್ರಶ್ನೆಗೆ. ಎಲ್ಲರೂ ಒಟ್ಟಿಗೆ ಹೊರಡಲ್ಲ, ನಿಗದಿತ ಅಂತರದಲ್ಲಿ ಒಬ್ಬೊಬ್ಬರನ್ನೇ ಬಿಡ್ತಾರೆ. ಹತ್ತು ನಿಮಿಷ ಹಿಂದೆ ಹೊರಟು ಎಂಟು ನಿಮಿಷ ಹಿಂದೆ ಮುಟ್ಟಿದವನು ಎರಡು ನಿಮಿಷದಿಂದ ಗೆದ್ದ ಹಾಗೆ. ಅದರ ಮೇಲೆ ದಂಡ. ಟ್ರಾಕರ್‌ನ ದಾಖಲೆ ತೆಗೆದು, ಜಿಪಿಎಸ್‌ನಲ್ಲಿ ಮಾತ್ರ ಇರುವ ವರ್ಚುವಲ್ ಚೆಕ್‌ಪಾಯಿಂಟ್‌ಗಳನ್ನು ಎಲ್ಲಾ ದಾಟಿದ್ದಾನಾ, ಹೆದ್ದಾರಿಯಲ್ಲಿ ಗಂಟೆಗೆ 60 ಮೈಲಿ, ಊರೊಳಗೆ 37 ಮೈಲಿ ಥರದ ವೇಗಮಿತಿ ಮೀರಿದ್ದಾನಾ ಅಂತ ನೋಡ್ತಾರೆ. ಅದು ಮುಗಿಯೋವರೆಗೂ ಫಲಿತಾಂಶ ತಾತ್ಕಾಲಿಕ. ಮುಂದೆ ಹೊರಡುವವನಿಗೆ ಇರೋ ಲಾಭ ಒಂದೇ, ಬೇರೆ ಗಾಡಿಯ ಧೂಳಿಲ್ಲದ ಶುದ್ಧ ಗಾಳಿ. ಅರ್ಹತಾ ಸುತ್ತಿಗೆ ಅಷ್ಟು ಜೀವ ಬಿಡೋದು ಅದಕ್ಕೇ.

ಮರಳುದಾರಿ:
ತುಂಬಾ ಥ್ಯಾಂಕ್ಸ್. ಸಿಲ್ಟ್ ಅಂತ ಎಲ್ಲರೂ ಹೆದರ್ತಾರಲ್ಲ, ಅದರಲ್ಲಿ ಸಿಕ್ಕಿಬಿದ್ದರೆ ಏನು ಮಾಡ್ತಾರೆ?

ಪಿಟ್_ಲೆಕ್ಕ:
ಸಿಲ್ಟ್ ಅಂದರೆ ಹಿಟ್ಟಿನಷ್ಟು ನುಣುಪಾದ ಧೂಳು, ಕೆಲವು ಕಡೆ ಮಂಡಿಯುದ್ದ. ಕೆಳಗೆ ಬಂಡೆಯೋ ಗುಂಡಿಯೋ ಕಾಣಲ್ಲ. ಒಳಗೆ ಹೋಗುವ ಮುಂಚೆಯೇ ವೇಗ ಕಟ್ಟಿಕೊಂಡಿರಬೇಕು, ಒಳಗೆ ಹೋದಮೇಲೆ ಆಕ್ಸಿಲರೇಟರ್ ಬಿಡೋ ಹಾಗಿಲ್ಲ, ಬ್ರೇಕಂತೂ ಮುಟ್ಟಲೇಬಾರದು. ಮುಂದಿನವನ ಧೂಳು ಕಣ್ಣಿಗೆ ಕಟ್ಟುತ್ತಿದ್ದರೆ ಅಂಚಿನಲ್ಲೇ ನಿಂತು ಅರ್ಧ ನಿಮಿಷ ಕಾಯೋದು ಲಾಭ, ಯಾಕಂದ್ರೆ ಒಳಗೆ ನಿಂತಿರೋ ಇನ್ನೊಂದು ಗಾಡಿಗೆ ಗುದ್ದಿದರೆ ಇಬ್ಬರ ರೇಸೂ ಅಲ್ಲಿಗೇ ಮುಗೀತು.

ನಿಂತೇ ಹೋಯ್ತು ಅನ್ನಿ. ಚಕ್ರ ಸುಮ್ಮನೆ ತಿರುಗಿಸಬೇಡಿ: ಗಾಡಿ ಆಕ್ಸಲ್‌ವರೆಗೆ ಕೂರುತ್ತೆ, ಟಾರ್ಕ್ ಕನ್ವರ್ಟರ್ ಕಾಯ್ದು ಗೇರ್‌ಬಾಕ್ಸ್ ಎಣ್ಣೆ ಸುಡುತ್ತೆ. ಮೊದಲು ಬಂದ ಜಾಡಿನಲ್ಲೇ ಹಿಂದಕ್ಕೆ ಒಂದು ಪ್ರಯತ್ನ. ಆಗದಿದ್ದರೆ ಸಹಚಾಲಕ ಇಳಿದು ಜಾಕ್ ಎತ್ತಿ, ಚಕ್ರದ ಕೆಳಗೆ ಟ್ರ್ಯಾಕ್ಷನ್ ಹಲಗೆ ತುರುಕಬೇಕು. ಹೆಲ್ಮೆಟ್ಟಿಗೆ ಶುದ್ಧ ಗಾಳಿ ಊದೋ ಕೊಳವೆ ಕಳಚಿ ಇಳಿಯುವಾಗ ಅದರ ತುದಿ ಧೂಳಿಗೆ ಬೀಳದ ಹಾಗೆ ಸೀಟಿನ ಮೇಲಿಡಲಿ. ಮುಂದಿನ ಪಿಟ್‌ನಲ್ಲಿ ಏರ್ ಫಿಲ್ಟರ್ ಬದಲಿಸೋದು ಕಡ್ಡಾಯ, ಕಣ್ಣಿಗೆ ಚೆನ್ನಾಗಿ ಕಂಡರೂ ಸರಿ. ತೆಗೆಯುವ ಮುಂಚೆ ಪೆಟ್ಟಿಗೆಯ ಹೊರಗಿನ ಧೂಳು ಒರೆಸಿ. ಇಲ್ಲಾಂದ್ರೆ ಆ ಧೂಳೇ ನೇರ ಇಂಜಿನ್ನಿಗೆ.